ಟ್ಯಾಂಕಿನ ತಿರುವು

ದೊಡ್ಡತಾಯಮ್ಮನವರ ಸೀರೆಯ ಮೇಲೆ ಒಂದು ಡಬ್ಬಿ ಮಜ್ಜಿಗೆಹುಳಿ ಚೆಲ್ಲದೆ ಇದ್ದಿದ್ದರೆ ಆ ಶನಿವಾರ ಉಳಿದ ಶನಿವಾರಗಳಂತೆಯೇ ಕಳೆದುಹೋಗುತ್ತಿತ್ತು.

ಕೃಷ್ಣರಾಜನಗರದಲ್ಲಿರುವ ತಂಗಿಯ ಮನೆಗೆಂದು ಅವರು ಐದು ಗಂಟೆಗೇ ಎದ್ದು ಅದನ್ನು ಮಾಡಿದ್ದರು. ಪಿರಿಯಾಪಟ್ಟಣದ ಬಸ್ ನಿಲ್ದಾಣದವರೆಗೆ, ಅಂದು ಶಾಲೆಗೆ ರಜೆಯಿದ್ದ ಸೊಸೆ ಅನುಶ್ರೀ ಕಾರಿನಲ್ಲಿ ಬಿಡುವುದೆಂದು ಮಾತಾಗಿತ್ತು. ಬೀದಿಯ ಕೊನೆಯಲ್ಲಿ ನೀರಿನ ಟ್ಯಾಂಕು. ಅದನ್ನು ಸುತ್ತಿಯೇ ದೊಡ್ಡ ರಸ್ತೆಗೆ ಹೋಗಬೇಕು. ಅನುಶ್ರೀ ಅಲ್ಲಿ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ಕಾರು ಒಮ್ಮೆ ಮೈ ನಡುಗಿಸಿ, ಮಾತಿನ ಮಧ್ಯೆ ನಿದ್ದೆ ಹೋದ ಮುದುಕನಂತೆ ಸುಮ್ಮನಾಯಿತು. ಹಿಂದಿನ ಸೀಟಿನಲ್ಲಿದ್ದ ಡಬ್ಬಿ ಮಾತ್ರ ಸುಮ್ಮನಾಗಲಿಲ್ಲ.

ಇದು ಹನ್ನೆರಡನೆಯ ಸಲ. ಲೆಕ್ಕ ತಪ್ಪುವ ಮಾತೇ ಇಲ್ಲ, ಏಕೆಂದರೆ ಅನುಶ್ರೀ ಎಲ್ಲವನ್ನೂ ಬರೆದಿಟ್ಟಿದ್ದಳು. ಅವಳು ರಾವಂದೂರಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಮ್ಮು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬೀಗ ಹಾಕಿದ ಮೇಲೆ ಎರಡು ಸಲ ವಾಪಸು ಬರುವ ಸ್ವಭಾವ. ಕಾರು ನಿಂತಾಗಲೆಲ್ಲ ದಿನಾಂಕ, ಜಾಗ, ಗೇರು, ಏಸಿ ಇತ್ತೇ ಇರಲಿಲ್ಲವೇ ಎಂಬುದನ್ನು ಒಂದು ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ತುಂಬಿಸುತ್ತಿದ್ದಳು. ಹನ್ನೊಂದು ಸಾಲುಗಳಲ್ಲಿ ಒಂದು ಮಾತು ಸಮಾನವಾಗಿತ್ತು: ನಿಧಾನವಾಗಿ ಹೋಗುವಾಗ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮಾತ್ರ ಕಾರು ನಿಲ್ಲುತ್ತದೆ. ನೇರ ಹೋದರೆ ಮೈಸೂರಿಗೂ ಹೋಗುತ್ತದೆ.

ಆದರೆ ಬೀದಿಯವರಿಗೆ ನೋಟ್‌ಬುಕ್ಕು ಬೇಕಿರಲಿಲ್ಲ. ಅವರಿಗೆ ಕಾರಣ ಮೊದಲೇ ಗೊತ್ತಿತ್ತು.

“ನಾನು ಅವತ್ತೇ ಯೋಳ್ದೆ ಕಣವ್ವ,” ಎನ್ನುತ್ತಾ ಬಂದರು ಎದುರು ಮನೆಯ ಕಂಠಪ್ಪ. “ಕ್ಲಚ್ಚು ಅನ್ನೋದು ಎಳೆ ಮಗ ಇದ್ದಂಗೆ. ದಿಡೀರ್ನೆ ಕೈ ಬುಟ್ಟುಬುಡಬಾರ್ದು.”

“ಕ್ಲಚ್ ನಾನು ಬಿಟ್ಟೇ ಇರ್ಲಿಲ್ಲ ಮಾವ. ಒತ್ತಿಕೊಂಡೇ ಇದ್ದೆ.”

“ಅಂಗೆ ಅನ್ನುಸ್ತದೆ.”

ಕಂಠಪ್ಪ ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ನಿವೃತ್ತರಾದದ್ದು ಬಸ್ಸಿಗೆ ತಿಳಿದಿತ್ತೇ ಹೊರತು ಅವರಿಗೆ ತಿಳಿದಿರಲಿಲ್ಲ. ಈಗಲೂ ತಮ್ಮ ಸಣ್ಣ ಕಾರನ್ನು ಬಸ್ಸಿನಂತೆಯೇ ತಿರುಗಿಸುತ್ತಿದ್ದರು. ಎಡಕ್ಕೆ ತಿರುಗಬೇಕಾದರೆ ಮೊದಲು ಬಲಗಡೆಯ ಚರಂಡಿಯವರೆಗೆ ಹೋಗಿ, ಅಲ್ಲಿಂದ ಇಡೀ ರಸ್ತೆಯನ್ನು ಬಳಸಿಕೊಂಡು ನಿಧಾನವಾಗಿ ಬರುತ್ತಿದ್ದರು. ಟ್ಯಾಂಕನ್ನು ಸುತ್ತುವ ಗೋಜಿಗೇ ಹೋಗದೆ ಆಚೆ ಮೈದಾನದ ಮೇಲಿಂದ ಹಾಯಿಸುತ್ತಿದ್ದರು. ಏಸಿ ಹಾಕುವುದು ಸೋಮಾರಿಗಳ ಲಕ್ಷಣ ಎಂಬುದು ಅವರ ನಂಬಿಕೆ. ಮೂರು ತಿಂಗಳ ಹಿಂದೆ ಅನುಶ್ರೀಗೆ ಈ ಹನ್ನೊಂದು ವರ್ಷ ಹಳೆಯ ಬಿಳಿ ಕಾರನ್ನು ಕೊಡಿಸಿದವರೂ ಅವರೇ. ತಮ್ಮದೂ ಅದೇ ಕಂಪನಿ, ಅದೇ ಮಾಡೆಲ್ಲು, ಕಣ್ಣು ಮುಚ್ಚಿಕೊಂಡು ತಗೊಳ್ಳಿ ಎಂದಿದ್ದರು. ಹಾಗಾಗಿ ಕಾರಿನಲ್ಲಿ ದೋಷವಿದೆ ಎಂದು ಯಾರಾದರೂ ಹೇಳಿದರೆ ಅದು ತಮ್ಮ ಮನೆತನಕ್ಕೆ ಅಂದ ಮಾತೆಂದು ಅವರು ತಿಳಿಯುತ್ತಿದ್ದರು.

ಅಷ್ಟರಲ್ಲಿ ಮೂಲೆಮನೆಯ ಮಲ್ಲಾಜಮ್ಮ ನಾಲ್ಕು ನಿಂಬೆಹಣ್ಣು ತಂದು ನಾಲ್ಕು ಚಕ್ರದ ಕೆಳಗೂ ಇಟ್ಟರು. ಹಿಂದೆ ಹೊಗೆಸೊಪ್ಪಿನ ಮೂಟೆ ಹೇರಿಕೊಂಡು ನಿಂತಿದ್ದ ಗೂಡ್ಸ್ ಆಟೋದವನು ಹಾರ್ನ್ ಬಿಡದೆ ಒತ್ತುತ್ತಿದ್ದ. ಅನುಶ್ರೀಯ ಗಂಡ ಶಿವಶಂಕರ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದ. ಅವನಿಗೆ ಕಾರು ಓಡಿಸಲು ಬರುವುದಿಲ್ಲ, ತಳ್ಳಲು ಬರುತ್ತದೆ. ಕಾರಿನ ಮೀಟರುಗಳ ಮಧ್ಯೆ ಸದಾ ಉರಿಯುತ್ತಿದ್ದ ಹಳದಿ ದೀಪದಿಂದ ಹೆಂಡತಿಗೆ ಚಿಂತೆಯಾಗುತ್ತಿದೆ ಎಂದು ತಿಳಿದಾಗ, ಅವಳದೇ ಒಂದು ಸ್ಟಿಕ್ಕರ್ ಬೊಟ್ಟನ್ನು ಅದರ ಮೇಲೆ ಅಂಟಿಸಿ ಸಮಸ್ಯೆ ಬಗೆಹರಿಸಿದವನೂ ಅವನೇ.

ದೊಡ್ಡತಾಯಮ್ಮ ಕಾರಿನಿಂದ ಇಳಿದರು. ಸೆರಗಿನಿಂದ ಮಜ್ಜಿಗೆಹುಳಿ ತೊಟ್ಟಿಕ್ಕುತ್ತಿತ್ತು, ಒಂದು ಬೂದುಗುಂಬಳದ ಹೋಳು ಮಡಿಲಲ್ಲಿ ಉಳಿದಿತ್ತು. ಅದನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದರು.

“ಶಂಕ್ರ, ನಿನ್ ತಮ್ಮಂಗೆ ಫೋನ್ ಮಾಡು. ಸಾಯಂಕಾಲ ಬಂದು ಕಾರ್ ತಕ್ಕೊಂಡ್ ಓಗ್ಲಿ. ಇವ್ಳು ಮುಂಚಿನಂಗೆ ಬಸ್ಸಲ್ಲೇ ಓಗಿ ಬರ್ಲಿ.”

ಶಿವಶಂಕರನ ತಮ್ಮ ಗೌರೀಶನಿಗೆ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಿತ್ತನೆ ಬೀಜದ ಅಂಗಡಿ. ಮೊದಲ ದಿನದಿಂದಲೂ ಕಾರಿನ ಮೇಲೆ ಕಣ್ಣಿತ್ತು. ಫೋನ್ ಮಾಡಿದರೆ ಒಂದೇ ರಿಂಗಿಗೆ ಎತ್ತಿದ. ಆರು ಗಂಟೆಗೆ ಬರುವುದಾಗಿ ಹೇಳಿದ.

ಅನುಶ್ರೀಗೆ ಬೆಳಗಿನ ಏಳು ನಲವತ್ತರ ರಾವಂದೂರು ಬಸ್ಸು ಕಣ್ಣ ಮುಂದೆ ಬಂತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಉತ್ತರಪತ್ರಿಕೆಯ ಚೀಲ, ಭುಜದ ಮೇಲೆ ಯಾರದೋ ಚಿಕ್ಕಪ್ಪನ ನಿದ್ದೆ. ಹನ್ನೊಂದು ವರ್ಷ ಹಾಗೆ ನಿಂತಿದ್ದಾಳೆ. ಕಾರು ಬಂದ ಮೇಲೆ ಮೂರು ತಿಂಗಳಿನಿಂದ ಶಾಲೆಯವರೆಗೂ ಕುಳಿತು ಹೋಗುವುದು ಎಂದರೇನು ಎಂಬುದು ಗೊತ್ತಾಗಿತ್ತು.

ಅವಳು ಅತ್ತೆಯ ಎದುರಿಗೆ ಬಂದು ನಿಂತಳು. “ಅತ್ತೆ, ಒಂದು ಪ್ರಯೋಗ ಮಾಡೋಣ. ಕಂಠಪ್ಪ ಮಾವನ ಕಾರು, ನಮ್ಮ ಕಾರು ಎರಡೂ ಒಂದೇ. ಅವರ ಕಾರನ್ನ ನಾನು ಇದೇ ಟ್ಯಾಂಕಿನ ಸುತ್ತ ತಿರುಗಿಸ್ತೀನಿ. ಅದು ನಿಲ್ಲದೆ ಇದ್ರೆ ದೋಷ ಕಾರಿಂದು. ಅದೂ ನಿಂತರೆ ದೋಷ ನಂದು. ಕೀಲಿ ನಾನೇ ಗೌರೀಶನ ಕೈಗೆ ಕೊಡ್ತೀನಿ.”

ಬೀದಿ ಯೋಚಿಸಿತು. ಇದು ನ್ಯಾಯವೆಂದು ಮೊದಲು ಒಪ್ಪಿದವರು ಕಂಠಪ್ಪನವರೇ. ಕಾರು ಸರ್ವೀಸಿಗೆ ಹೋಗಿದೆ, ಸಾಯಂಕಾಲ ತರುತ್ತೇನೆ ಎಂದರು. ದೊಡ್ಡತಾಯಮ್ಮ ಬೂದುಗುಂಬಳದ ಹೋಳನ್ನು ಚರಂಡಿಗೆ ಎಸೆದರು, ಅಂದರೆ ಒಪ್ಪಿಗೆ.

ಪರೀಕ್ಷೆಗೆ ಹೋಗುವಾಗ ಎರಡು ಪೆನ್ನಿದ್ದರೂ ಮೂರನೆಯದನ್ನು ಇಟ್ಟುಕೊಳ್ಳುವವಳು ಅನುಶ್ರೀ. ದೋಷ ಕಾರಿನದೆಂದು ತೀರ್ಮಾನವಾದರೂ, ಕೆಟ್ಟ ಕಾರು ಮನೆಗೇಕೆ ಎಂದು ಅತ್ತೆ ಹೇಳಬಹುದು. ಆದ್ದರಿಂದ ಆರು ಗಂಟೆಯೊಳಗೆ ಕಾರೂ ರಿಪೇರಿಯಾಗಿರಬೇಕು.

ವೆಂಕಟೇಶನ ಗ್ಯಾರೇಜು ಹುಣಸೂರು ರಸ್ತೆಯಲ್ಲಿ, ಮನೆಯಿಂದ ಒಂದು ಕಿಲೋಮೀಟರು. ಆದರೆ ಅಲ್ಲಿಗೆ ಮೂರು ಕಡೆ ಬಿಗಿ ತಿರುವು. ಅವಳು ಕಂಠಪ್ಪನವರಂತೆ ಮೈದಾನದ ಮೇಲಿಂದ ಹಾದು, ಬಿಗಿ ತಿರುವೇ ಇಲ್ಲದ ದಾರಿಯೊಂದನ್ನು ಕಾಗದದ ಮೇಲೆ ಬರೆದುಕೊಂಡಳು. ಅದು ಏಳು ಕಿಲೋಮೀಟರಾಯಿತು. ವಾಪಸು ತಿರುಗಲು ಬೇರೆ ಉಪಾಯ ಕಾಣದೆ ಒಂದು ಪೆಟ್ರೋಲ್ ಬಂಕಿನ ಈ ಬಾಯಲ್ಲಿ ಒಳಗೆ ಹೋಗಿ ದೊಡ್ಡದಾಗಿ ಬಳಸಿ ಆ ಬಾಯಲ್ಲಿ ಹೊರಗೆ ಬಂದಳು. ಪೈಪು ಹಿಡಿದು ಓಡಿ ಬಂದ ಬಂಕಿನವನು ಎಷ್ಟಕ್ಕೆ ಹಾಕಲಿ ಎಂದು ಕೇಳಿದ. ಸುಮ್ಮನೆ ಬಂದಿದ್ದೆ ಎಂದಳು.

ಎಲ್ಲವೂ ಚೆನ್ನಾಗಿಯೇ ನಡೆಯಿತು, ಬಸ್ ನಿಲ್ದಾಣದ ಎದುರು ಒಂದು ಹಸು ರಸ್ತೆಯ ನಡುವೆ ಮಲಗಿರುವುದು ಕಾಣುವವರೆಗೆ. ಹಸು ಕಾಗದದಲ್ಲಿರಲಿಲ್ಲ. ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿತು, ಕಾರು ಅಡ್ಡಡ್ಡಲಾಗಿ ನಿಂತಿತು, ಎದುರಿಗೆ ಬಂದ ರಾವಂದೂರು ಬಸ್ಸು ಬ್ರೇಕ್ ಹಾಕಿತು. ಕಿಟಕಿಯಿಂದ ಒಂಬತ್ತನೇ ತರಗತಿಯ ಒಂದು ತಲೆ ಹೊರಗೆ ಬಂತು.

“ಮಿಸ್, ಕ್ಲಚ್ಚು ಮಿಸ್.”

ಬಸ್ಸಿನಲ್ಲಿದ್ದವರೆಲ್ಲ ಒಂದೊಂದು ಕಾರಣ ಹೇಳಿದರು. ಬ್ಯಾಟರಿ ಎಂದರು, ಪೆಟ್ರೋಲಿನಲ್ಲಿ ನೀರು ಎಂದರು, ಪ್ಲಗ್ಗು ಎಂದರು. ಕಂಡಕ್ಟರು ಇಳಿದು ಬಂದು, ತಾನು ಕಂಠಪ್ಪನವರ ಜೊತೆ ಆರು ವರ್ಷ ಡ್ಯೂಟಿ ಮಾಡಿದವನೆಂದು ಪರಿಚಯ ಹೇಳಿಕೊಂಡು, ಕ್ಲಚ್ಚಿನ ಬಗ್ಗೆ ಎಳೆ ಮಗುವಿನ ಮಾತನ್ನು ಮತ್ತೆ ಹೇಳಿದ. ಹಸು ಒಂದೇ ಏನನ್ನೂ ಹೇಳಲಿಲ್ಲ. ಅನುಶ್ರೀ ಕಾರು ಸ್ಟಾರ್ಟ್ ಮಾಡುವ ಮೊದಲು ನೋಟ್‌ಬುಕ್ ತೆಗೆದು ಹದಿಮೂರನೆಯ ಸಾಲನ್ನು ಬರೆದಳು. ಬಸ್ಸು ಅಲ್ಲಿಯವರೆಗೆ ಕಾಯಿತು.

ವೆಂಕಟೇಶ ರಾವಂದೂರಿನವನು. ಮಗಳು ಚಿನ್ನು ಅನುಶ್ರೀಯ ತರಗತಿಯಲ್ಲೇ ಓದುತ್ತಿದ್ದಳು. ಅವನು ಕೈ ಒರೆಸಿಕೊಂಡು ನೋಟ್‌ಬುಕ್ಕನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಅದನ್ನು ಪೂರ್ತಿ ಓದಿದ ಮೊದಲ ಮನುಷ್ಯ ಅವನು. ಅನುಶ್ರೀಗೆ ಕಣ್ಣು ತುಂಬಿ ಬಂತು.

“ಟೀಚರ್, ನನ್ ತಾವ ಬರೋರೆಲ್ಲ ಗಾಡಿ ಒಂಥರಾ ಆಡ್ತದೆ ಅಂತಾರೆ ಅಷ್ಟೇಯ. ಇಂಗೆ ಬರ್ಕೊಂಡು ಬಂದೋರು ನೀವೇ ಮೊದ್ಲು.”

ಅವನು ಮೀಟರಿನ ಮೇಲಿದ್ದ ಬೊಟ್ಟನ್ನು ಉಗುರಿನಿಂದ ಕಿತ್ತ. ಹಳದಿ ದೀಪ ನಿದ್ದೆಯಿಂದೆದ್ದಂತೆ ಕಣ್ಣು ಬಿಟ್ಟಿತು. ಸ್ಟಿಯರಿಂಗಿನ ಕೆಳಗೆ ಒಂದು ವೈರು ಚುಚ್ಚಿ ಕೈಯಲ್ಲಿದ್ದ ಸಣ್ಣ ಸ್ಕ್ಯಾನರನ್ನು ನೋಡಿದ. ಇಂಜಿನ್ ಚಾಲೂ ಇರುವಾಗ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ, ಪೂರ್ತಿ ಎಡಕ್ಕೆ ತಿರುಗಿಸಲು ಹೇಳಿದ. ಕಾರು ನಡುಗುತ್ತಿತ್ತು, ಸ್ಕ್ಯಾನರ್ ಮಾತ್ರ ಸ್ಟಿಯರಿಂಗ್ ನೆಟ್ಟಗೇ ಇದೆ ಎಂದು ತೋರಿಸುತ್ತಿತ್ತು. ಆಮೇಲೆ ಬಾನೆಟ್ ಎತ್ತಿ ಒಂದು ವೈರಿನ ತುದಿಗೆ ಮೀಟರು ಹಿಡಿದು ಅದು ಸರಿಯಿದೆ ಎಂದ. ಕೊನೆಗೆ ಹೆಬ್ಬೆಟ್ಟಿನಷ್ಟು ದೊಡ್ಡ ಒಂದು ಹಿತ್ತಾಳೆಯ ತುಂಡನ್ನು ಬಿಚ್ಚಿ ತೆಗೆದ.

“ಇದೇ ಕಳ್ಳ. ಪವರ್ ಸ್ಟಿಯರಿಂಗಿನ ಪ್ರೆಷರ್ ಸೆನ್ಸರು. ನೀವು ಪೂರ್ತಿ ತಿರುಗ್ಸ್ದಾಗ ಇಂಜಿನ್ ಮ್ಯಾಲೆ ಭಾರ ಬೀಳ್ತದೆ. ಭಾರ ಬತ್ತಾದೆ, ಒಸಿ ಜೋರಾಗಿ ಓಡು ಅಂತ ಇದು ಯೋಳ್ಬೇಕು. ಮನೆಗೆ ಅತ್ತು ಜನ ನೆಂಟ್ರು ಬತ್ತಾವ್ರೆ ಅಂತ ಅಡುಗೆಮನೇಗೆ ಯಾರೂ ಯೋಳ್ದೇ ಇದ್ರೆ ಅನ್ನ ಸಾಲ್ತದಾ? ಅಂಗೆ. ಇಂಜಿನ್ ತೆಪ್ಪಗೆ ಆಫಾಗೋಯ್ತದೆ.”

“ಹಾಗಾದ್ರೆ ಕ್ಲಚ್ಚಿನ ತಪ್ಪಲ್ಲ?”

“ನಿಮ್ ಕಾಲಿಂದು ಏನೂ ತಪ್ಪಿಲ್ಲ ಟೀಚರ್.”

ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿಕೊಡಲು ಕೇಳೋಣವೇ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಹೊಸ ಸೆನ್ಸರು ಮೈಸೂರಿನಿಂದ ಬರಬೇಕು, ಸೋಮವಾರದವರೆಗೆ ಸಿಗುವುದಿಲ್ಲ ಎಂದ ವೆಂಕಟೇಶ. ಅನುಶ್ರೀ ಅತ್ತೆಯ ಸೀರೆ, ಗೌರೀಶ, ಆರು ಗಂಟೆ ಎಲ್ಲವನ್ನೂ ಹೇಳಿದಳು. ಸಾಯಂಕಾಲ ಎಲ್ಲರೆದುರು ಕಾರು ಒಂದು ಸಲವೂ ನಿಲ್ಲಕೂಡದು ಎಂದಳು. ಪ್ರಯೋಗದ ಪೂರ್ತಿ ವಿವರ ಹೇಳಲು ಹೊತ್ತಿರಲಿಲ್ಲ.

ವೆಂಕಟೇಶ ಸ್ಪ್ಯಾನರಿನಿಂದ ತಲೆ ಕೆರೆದುಕೊಂಡ. ಚಿನ್ನುವಿಗೆ ವಿಜ್ಞಾನದಲ್ಲಿ ಎಂಬತ್ತೊಂದು ಬಂದದ್ದು ಅವನಿಗೆ ನೆನಪಿಗೆ ಬಂದಿರಬೇಕು. “ಒಂದತ್ತು ನಿಮಿಷ ಕುಂತ್ಕಳಿ. ಏನೋ ಒಂದು ಮಾಡಾನ,” ಎಂದು ಅನುಶ್ರೀಯ ಕೆಟ್ಟ ತುಂಡನ್ನು ಜೇಬಿಗೆ ಹಾಕಿಕೊಂಡು ಶೆಡ್ಡಿನ ಹಿಂದಕ್ಕೆ ಹೋದ. ಹದಿನೈದು ನಿಮಿಷಕ್ಕೆ ಹಳೆ ಬನಿಯನ್ನಿನಲ್ಲಿ ಒರೆಸುತ್ತಾ ಇನ್ನೊಂದು ತುಂಡನ್ನು ತಂದು ಕೂರಿಸಿದ. ಅನುಶ್ರೀ ಸ್ಟಿಯರಿಂಗ್ ತಿರುಗಿಸಿದಳು. ಇಂಜಿನ್ ಒಮ್ಮೆ ತಗ್ಗಿ, ಎದ್ದು, ಗುನುಗುತ್ತಾ ಉಳಿಯಿತು. ಹಳದಿ ದೀಪ ಆರಿತ್ತು.

ತಲೆನೋವಿನ ಮಾತ್ರೆ ನುಂಗುವ ಮುನ್ನ ಅದರ ಹಿಂದಿನ ಅಕ್ಷರಗಳನ್ನು ಎರಡು ಸಲ ಓದುವ ಹೆಂಗಸು, ಆ ತುಂಡು ಎಲ್ಲಿಂದ ಬಂತೆಂದು ಕೇಳಲಿಲ್ಲ. ಸಂತೋಷ ಅವಳಿಗೆ ಅಭ್ಯಾಸವಿರಲಿಲ್ಲ, ಅದರಿಂದ ಹಾಗಾಯಿತು.

ಆರು ಗಂಟೆಗೆ ಟ್ಯಾಂಕಿನ ಸುತ್ತ ಇಡೀ ಬೀದಿ ನೆರೆದಿತ್ತು. ಮಲ್ಲಾಜಮ್ಮ ಒಂದು ಕುರ್ಚಿಯನ್ನೇ ತಂದಿದ್ದರು. ಗೌರೀಶ ಹ್ಯಾಂಡ್‌ಪೋಸ್ಟಿನಿಂದ ಬಸ್ಸಿನಲ್ಲಿ ಬಂದು, ಕಾರಿಗೆ ಕಟ್ಟಲು ಒಂದು ಗೊಂಬೆಯನ್ನೂ ಜೇಬಿನಲ್ಲಿಟ್ಟುಕೊಂಡಿದ್ದ. ದೊಡ್ಡತಾಯಮ್ಮ ಬೇರೆ ಸೀರೆಯುಟ್ಟು, ತುಂಬಿದ ಒಂದು ಚೊಂಬು ನೀರು ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತರು. ಅವರ ಸ್ಕ್ಯಾನರ್ ಅದು.

ಅನುಶ್ರೀ ಮೊದಲು ತನ್ನ ಕಾರನ್ನು ತಿರುಗಿಸಿ ತೋರಿಸುವೆನೆಂದಳು. ಏಸಿ ಹಾಕಿದಳು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಟ್ಯಾಂಕಿನ ಸುತ್ತ ಒಂದು, ಎರಡು, ಮೂರು ಸುತ್ತು ಬಂದಳು. ಕಾರು ಮಗ್ಗಿ ಕಂಠಪಾಠ ಮಾಡಿದ ಹುಡುಗಿಯಂತೆ ಎಲ್ಲೂ ತಡವರಿಸಲಿಲ್ಲ. ಚೊಂಬಿನಿಂದ ಒಂದು ಹನಿ ಚೆಲ್ಲಲಿಲ್ಲ. ದೊಡ್ಡತಾಯಮ್ಮ ಇಳಿದು ಚೊಂಬಿನೊಳಗೆ ಇಣುಕಿ ನೋಡಿದರು.

“ಸರಿ ಬುಡು. ಕೀಲಿ ನಿನ್ ತಾವೇ ಇರ್ಲಿ,” ಎಂದರು.

ಗೌರೀಶನ ಮುಖ ಬಾಡಿದ ಬದನೆಕಾಯಿಯಾಯಿತು. ಶಿವಶಂಕರ ಹೆಂಡತಿಯ ಕಿವಿಯಲ್ಲಿ, ಸಾಕು, ಒಳಗೆ ಹೋಗೋಣ ಬಾ ಎಂದ. ಅವಳು ಆಗ ಹೋಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಲ್ಲಾಜಮ್ಮ ಕುರ್ಚಿಯಿಂದಲೇ, ನಿಂಬೆಹಣ್ಣು ಕೆಲಸ ಮಾಡಿತು ಎಂದರು. ಇನ್ಯಾರೋ, ಕಂಠಪ್ಪನವರು ಬೆಳಗ್ಗೆ ಹೇಳಿದ ಮೇಲೆ ಕ್ಲಚ್ಚು ಸರಿಯಾಗಿ ಬಿಡಲು ಕಲಿತಿದ್ದಾಳೆ ಎಂದರು. ಹದಿಮೂರು ಸಾಲು ಬರೆದ ಹೆಂಗಸು ಇದನ್ನು ಕೇಳಿಕೊಂಡು ಒಳಗೆ ಹೋಗುವುದು ಹೇಗೆ?

“ಪ್ರಯೋಗ ಅರ್ಧಕ್ಕೆ ನಿಲ್ಲಿಸಬಾರದು ರೀ,” ಎಂದಳು.

ಅದೇ ಹೊತ್ತಿಗೆ ಕಂಠಪ್ಪನವರ ಬಿಳಿ ಕಾರು ಮೈದಾನವನ್ನೆಲ್ಲ ಬಳಸಿಕೊಂಡು, ದೇವರ ಮೆರವಣಿಗೆಯಂತೆ ನಿಧಾನವಾಗಿ ಬಂದು ನಿಂತಿತು. ಅವರು ಇಳಿದು ಕೀಲಿ ಕೊಟ್ಟರು. ದೊಡ್ಡತಾಯಮ್ಮ ಚೊಂಬಿನೊಂದಿಗೆ ಹಿಂದೆ ಹತ್ತಿದರು. ಅನುಶ್ರೀ ಸ್ಟಾರ್ಟ್ ಮಾಡಿದಳು. ಮೀಟರುಗಳ ಮಧ್ಯೆ ಒಂದು ಹಳದಿ ದೀಪ ಉರಿಯುತ್ತಿತ್ತು.

“ಮಾವ, ಇದು ಯಾವಾಗಿನಿಂದ ಉರೀತಿದೆ?”

“ಈವತ್ತಿಂದ. ಸರ್ವೀಸ್ ಆಗದೆ ಅಂತ ಗುರುತು ಕಣವ್ವ ಅದು.”

ಅವಳು ಬಗ್ಗಿ ಆ ದೀಪವನ್ನು ಇನ್ನೊಮ್ಮೆ ನೋಡಿದಳು. ಆದರೆ ಬೀದಿ ನೋಡುತ್ತಿತ್ತು. ಎರಡು ಕಾರಿಗೂ ಒಂದೇ ಷರತ್ತು ಇರಬೇಕೆಂದು ಏಸಿ ಹಾಕಿದಳು. ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ಕಾರು ಮೈ ನಡುಗಿಸಿ ಸುಮ್ಮನಾಯಿತು. ಮತ್ತೆ ಸ್ಟಾರ್ಟ್ ಮಾಡಿದಳು, ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಹಿಂದಿನ ಸೀಟಿನಿಂದ ನೀರು ಚೆಲ್ಲಿದ ಸದ್ದು ಬಂತು.

ಮಲ್ಲಾಜಮ್ಮ ಕುರ್ಚಿಯನ್ನು ಒಂದು ಅಡಿ ಹತ್ತಿರಕ್ಕೆ ಎಳೆದುಕೊಂಡರು. ಆಗ ಅನುಶ್ರೀಯ ಫೋನು ಬಡಿದುಕೊಂಡಿತು. ವೆಂಕಟೇಶ. ಅವಳು ಇಳಿದು ಟ್ಯಾಂಕಿನ ಕಂಬದ ಮರೆಗೆ ಹೋದಳು.

“ಟೀಚರ್, ಒಂದ್ ಮಾತು ಯೋಳದು ಮರ್ತಿದ್ದೆ. ಯಾರ್ಗೂ ಅನ್ಬ್ಯಾಡಿ. ನಿಮ್ ಗಾಡೀಗೆ ಆಕಿದ್ದು ಕಂಠಪ್ಪೋರ ಗಾಡೀದು, ಸರ್ವೀಸ್‌ಗೆ ಬಂದಿತ್ತು. ನಿಮ್ದು ಅವ್ರದ್ರಲ್ಲಿ ಅದೆ. ಅವ್ರು ಮೈದಾನದಷ್ಟಗಲ ತಿರುಗುಸ್ತಾರೆ, ಏಸೀನೂ ಆಕಲ್ಲ, ಎರಡು ದಿನ ಗೊತ್ತಾಗಾಕಿಲ್ಲ ಬುಡಿ. ಸೋಮ್ವಾರ ಹೊಸಾದು ಬಂದೇಟ್ಗೆ ಅವ್ರದುಕ್ಕೆ ಆಕ್ಬುಡ್ತೀನಿ. ಸಾಯಂಕಾಲದ್ದು ಏನಾಯ್ತು, ಪಾಸಾದ್ರಾ?”

ಅನುಶ್ರೀ ಕಂಬಕ್ಕೆ ಒರಗಿದಳು. ಇಷ್ಟು ಸಂಪೂರ್ಣವಾಗಿ ಸಾಬೀತಾದ ಪ್ರಯೋಗವನ್ನು ಅವಳು ಇಡೀ ವೃತ್ತಿಜೀವನದಲ್ಲಿ ಕಂಡಿರಲಿಲ್ಲ. ಕೆಟ್ಟ ತುಂಡು ಎಲ್ಲಿದೆಯೋ ಆ ಕಾರು ನಿಲ್ಲುತ್ತದೆ. ಒಂದೇ ಒಂದು ವಾಕ್ಯ ಹೇಳಿದರೆ ಸಾಕು, ಅವಳ ಕಾಲಿನ ಮೇಲಿನ ಆರೋಪ ಶಾಶ್ವತವಾಗಿ ಹೋಗುತ್ತದೆ.

ಆದರೆ ಆ ವಾಕ್ಯಕ್ಕೆ ಎರಡನೆಯ ಅರ್ಧವೊಂದಿತ್ತು. ಕಂಠಪ್ಪನವರ ಕಾರಿನ ತುಂಡು ಅವಳ ಕಾರಿನಲ್ಲಿದೆ. ಮೇಡಮ್ಮು ಎದುರು ಮನೆಯವರ ಕಾರಿನ ಸಾಮಾನು ಬಿಚ್ಚಿಸಿಕೊಂಡಳಂತೆ ಎಂಬ ಸುದ್ದಿಯನ್ನು ಮಲ್ಲಾಜಮ್ಮ ಎಂಟು ಗಂಟೆಯೊಳಗೆ ಹುಣಸೂರು ಮುಟ್ಟಿಸುತ್ತಾರೆ. ಕಂಠಪ್ಪ ಡಿಪೋದ ಹಳೆ ಗೆಳೆಯರನ್ನೆಲ್ಲ ಕರೆದುಕೊಂಡು ಗ್ಯಾರೇಜಿನ ಮುಂದೆ ನಿಲ್ಲುತ್ತಾರೆ. ಅವಳ ನೋಟ್‌ಬುಕ್ಕನ್ನು ಪೂರ್ತಿ ಓದಿದ ಒಬ್ಬನೇ ಮನುಷ್ಯ ಅಂಗಡಿ ಮುಚ್ಚಬೇಕಾಗುತ್ತದೆ.

“ಆಮೇಲೆ ಮಾತಾಡ್ತೀನಿ ವೆಂಕಟೇಶ್,” ಎಂದು ಫೋನ್ ಇಟ್ಟಳು. ಕಂಬದ ಮರೆಯಿಂದ ಹೊರಗೆ ಬಂದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

“ಕ್ಲಚ್ ಬೇಗ ಬಿಟ್ಟೆ ಮಾವ,” ಎಂದಳು.

ಇಡೀ ಬೀದಿ ಸಮಾಧಾನದ ಉಸಿರು ಬಿಟ್ಟಿತು. ಮೂರು ತಿಂಗಳಿನಿಂದ ಕೇಳಲು ಕಾದಿದ್ದ ಮಾತು ಅದು. ದೊಡ್ಡತಾಯಮ್ಮ ಎರಡನೆಯ ಸೀರೆಯನ್ನು ಹಿಂಡಿಕೊಳ್ಳುತ್ತಾ ಕೈ ಚಾಚಿದರು. ಅನುಶ್ರೀ ತನ್ನ ಕಾರಿನ ಕೀಲಿಯನ್ನು ಕೊಟ್ಟ ಮಾತಿನಂತೆ ಗೌರೀಶನ ಕೈಯಲ್ಲಿಟ್ಟಳು. ಅವನು ಗೊಂಬೆ ಕಟ್ಟಿ, ಟ್ಯಾಂಕಿನ ಸುತ್ತ ಎರಡು ಸುತ್ತು ಹೊಡೆದ. ಕಾರು ನಿಲ್ಲಲಿಲ್ಲ. ಎಲ್ಲ ಕೈಗುಣ ಕಣವ್ವ ಎಂದರು ಮಲ್ಲಾಜಮ್ಮ. ಕಾರು ಹ್ಯಾಂಡ್‌ಪೋಸ್ಟಿನ ಕಡೆಗೆ ಹೊರಟುಹೋಯಿತು, ಕಂಠಪ್ಪನವರ ಸೆನ್ಸರಿನ ಸಮೇತ.

ಕಂಠಪ್ಪನವರ ಮನಸ್ಸು ಕರಗಿತ್ತು. ತಪ್ಪು ಒಪ್ಪಿಕೊಳ್ಳುವವರನ್ನು ಕಂಡರೆ ಅವರಿಗೆ ಆಗುವುದೇ ಹಾಗೆ.

“ಬ್ಯಾಸರ ಮಾಡ್ಕಬ್ಯಾಡ ಕಣವ್ವ. ನಾಳಿಂದ ದಿನಾ ಬೆಳಗ್ಗೆ ಆರಕ್ಕೆ ನಾನೇ ಕಲುಸ್ತೀನಿ. ನನ್ ಕಾರಲ್ಲೇ.”

ಭಾನುವಾರ ಬೆಳಗ್ಗೆ ಆ ಕಾರು ಟ್ಯಾಂಕಿನ ತಿರುವಿನಲ್ಲಿ ಒಂಬತ್ತು ಸಲ ನಿಂತಿತು. ಕಂಠಪ್ಪ ಒಂಬತ್ತು ಸಲವೂ ಎಳೆ ಮಗುವಿನ ಮಾತು ಹೇಳಿದರು. ಸೋಮವಾರ ಬೆಳಗ್ಗೆ ಏಳು ಸಲ. ಅಂದು ಮಧ್ಯಾಹ್ನ ವೆಂಕಟೇಶ ಯಾವುದೋ ಬೋಲ್ಟು ಬಿಗಿ ಮಾಡಬೇಕೆಂದು ಕಾರನ್ನು ಅರ್ಧ ಗಂಟೆ ಒಯ್ದು ತಂದಿಟ್ಟ. ಮಂಗಳವಾರ ಬೆಳಗ್ಗೆ ಅನುಶ್ರೀ ಟ್ಯಾಂಕಿನ ಸುತ್ತ ಐದು ಸುತ್ತು ಬಂದಳು, ಕಾರು ಒಂದು ಸಲವೂ ನಿಲ್ಲಲಿಲ್ಲ. ಕಂಠಪ್ಪ ಬೀದಿಯ ಮಧ್ಯೆ ನಿಂತು ಮನೆಮನೆಯ ಬಾಗಿಲಿಗೂ ಕೇಳುವಂತೆ, ಎರಡೇ ದಿನ, ಎರಡೇ ದಿನಕ್ಕೆ ಕಲಿಸಿದೆ ಎಂದರು.

ಏಳು ನಲವತ್ತರ ರಾವಂದೂರು ಬಸ್ಸಿನಲ್ಲಿ ಅವಳು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ ಹಿಡಿದು ನಿಂತಿದ್ದಳು. ಕಂಡಕ್ಟರು ಜನರ ನಡುವೆ ನುಸುಳಿಕೊಂಡು ಬಂದ.

“ಮಿಸ್, ಕಂಠಪ್ಪೋರು ನಿಮ್ಗೆ ಕ್ಲಚ್ಚು ಬುಡಾದು ಕಲ್ಸುಬುಟ್ರಂತೆ?”

“ಹೌದಪ್ಪ,” ಎಂದಳು ಅನುಶ್ರೀ.

ಮುಂದಿನ ತಿರುವನ್ನು ಬಸ್ಸು ಬಲಗಡೆಯ ಚರಂಡಿಯವರೆಗೆ ಹೋಗಿ, ಇಡೀ ರಸ್ತೆಯನ್ನು ಬಳಸಿಕೊಂಡು, ನಿಧಾನವಾಗಿ ತೆಗೆದುಕೊಂಡಿತು. ಯಾರದೋ ಚಿಕ್ಕಪ್ಪ ನಿದ್ದೆಯಲ್ಲೇ ಅವಳ ಭುಜಕ್ಕೆ ಬಂದರು. ಬಸ್ಸು ಎಲ್ಲೂ ನಿಲ್ಲಲಿಲ್ಲ.